ಸೋಲಾರ್ ಫಲಕಗಳ ಕೆಳಗೆ ಪಾರಿವಾಳದ ಗೂಡು: ಜಾಲರಿಗೆ 21 ಸಾವಿರ ರೂಪಾಯಿ ಕೇಳುತ್ತಿದ್ದಾರೆ, ಇದು ನ್ಯಾಯವಾದ ದರವೇ?

ತಾರಸಿಮನೆ (ವಿಜಯನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 30×40 ನಿವೇಶನದ ಎರಡು ಅಂತಸ್ತಿನ ಮನೆ. ಹೋದ ವರ್ಷ ಪಿಎಂ ಸೂರ್ಯ ಘರ್ ಯೋಜನೆಯಡಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. 540 ವ್ಯಾಟಿನ ಆರು ಫಲಕಗಳು ಒಂದೇ ಸಾಲಿನಲ್ಲಿವೆ. 78,000 ರೂಪಾಯಿ ಸಬ್ಸಿಡಿ ಬಂತು, ಬೆಸ್ಕಾಂನವರು ಮೀಟರ್ ಬದಲಿಸಿದರು, ಮೊದಲ ಎಂಟು ತಿಂಗಳು ಯಾವ ತಕರಾರೂ ಇರಲಿಲ್ಲ. ಆಮೇಲೆ ಪಾರಿವಾಳಗಳು ಬಂದವು.

ಮೊದಲಿಗೆ ಒಂದು ಜೋಡಿ ಮಾತ್ರ ಇತ್ತು. ಇವತ್ತು ಬೆಳಿಗ್ಗೆ ಎಣಿಸಿದಾಗ ಹದಿನಾಲ್ಕು ಇದ್ದವು. ಫಲಕಗಳ ಮೇಲಂಚಿನಲ್ಲಿ ಸಾಲಾಗಿ ಕೂರುತ್ತವೆ. ಹಿಕ್ಕೆ ಗಾಜಿನ ಮೇಲೆ ಗೆರೆಗೆರೆಯಾಗಿ ಇಳಿದು, ಒಣಗಿ, ಸುಣ್ಣ ಬಳಿದಂತೆ ಅಂಟಿಕೊಂಡಿದೆ. ಕಳೆದ ಭಾನುವಾರ ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿದರೆ, ಮೂರನೆಯ ಫಲಕದ ಕೆಳಗೆ, ಕೇಬಲ್‌ಗಳು ಕೂಡುವ ಜಾಗದಲ್ಲಿಯೇ ಗೂಡು ಕಟ್ಟಿವೆ. ಪೊರಕೆ ಕಡ್ಡಿ, ಒಣಗಿದ ಬೇವಿನ ಕಡ್ಡಿ, ಎಲ್ಲಿಂದಲೋ ತಂದ ಬೈಂಡಿಂಗ್ ವೈರಿನ ಎರಡು ತುಂಡು, ಅದರ ನಡುವೆ ಎರಡು ಬಿಳಿ ಮೊಟ್ಟೆ.

ಮೋಡವಿಲ್ಲದ ದಿನ 13 ಯೂನಿಟ್ ಬರುತ್ತಿದ್ದದ್ದು ಈಗ 11ಕ್ಕೆ ಇಳಿದಿದೆ. ಮೂರು ಕಡೆ ವಿಚಾರಿಸಿದೆ. ಒಬ್ಬರು ಫಲಕಗಳ ಕೆಳಗಿನ ಸಂದನ್ನು ಸುತ್ತ ಮುಚ್ಚುವ ಉಕ್ಕಿನ ಜಾಲರಿಗೆ ರನ್ನಿಂಗ್ ಅಡಿಗೆ 300 ರೂಪಾಯಿಯಂತೆ 60 ಅಡಿಗೆ 18,000, ಅದರ ಮೇಲೆ ಜಿಎಸ್‌ಟಿ ಸೇರಿ 21,240 ಎಂದರು. ಇನ್ನೊಬ್ಬರು ಬಾಲ್ಕನಿಗೆ ಹಾಕುವ ನೈಲಾನ್ ಬಲೆಯನ್ನೇ ಸುತ್ತಿಕೊಡುತ್ತೇವೆ, 4,500 ಕೊಡಿ ಎಂದರು. ಮೂರನೆಯವರು ಜಾಲರಿಯೇ ಬೇಡ, ಮೇಲಂಚಿಗೆ ಮುಳ್ಳುಪಟ್ಟಿ ಸಾಕು, 7,000 ಆಗುತ್ತದೆ ಎಂದರು. ಮೂವರೂ ಉಳಿದಿಬ್ಬರ ಕೆಲಸ ನಿಲ್ಲುವುದಿಲ್ಲ ಎಂದು ಹೇಳುತ್ತಿದ್ದಾರೆ. ಹಾಕಿಸಿಕೊಂಡವರು ದಯವಿಟ್ಟು ನಿಮ್ಮ ಖರ್ಚನ್ನೂ ಅನುಭವವನ್ನೂ ತಿಳಿಸಿ.

ಕಲ್ಲುಬೆಂಚು (ಮೈಸೂರು)

ಫಲಕಗಳು ತಾರಸಿಯಿಂದ ಎಷ್ಟು ಎತ್ತರದಲ್ಲಿವೆ ಎಂಬುದನ್ನು ಮೊದಲು ತಿಳಿಸಿ, ಸರ್. ಅದು ಗೊತ್ತಾಗದೆ ದರದ ಮಾತು ಆಡಿ ಪ್ರಯೋಜನವಿಲ್ಲ.

ತಾರಸಿಮನೆ

ಮುಂದಿನ ಅಂಚು ನೆಲದಿಂದ ಒಂದು ಅಡಿ, ಹಿಂದಿನ ಅಂಚು ಸುಮಾರು ಎರಡೂಮುಕ್ಕಾಲು ಅಡಿ. ತೊಟ್ಟಿಯ ನೆರಳು ತಪ್ಪಿಸಲು ಎತ್ತರಿಸಿ ಕಟ್ಟೋಣ ಎಂದಿದ್ದೆವು, ಆದರೆ ಅದಕ್ಕೆ ಬೇರೆ ಖರ್ಚು ಹೇಳಿದ್ದರಿಂದ ತಗ್ಗಿನಲ್ಲೇ ಹಾಕಿಸಿದೆವು.

ಕಲ್ಲುಬೆಂಚು

ಹಾಗಾದರೆ ನಿಮಗೆ ಜಾಲರಿ ಬೇಕೇ ಬೇಕು. ನಮ್ಮ ಮನೆಯಲ್ಲಿ ಎಂಟು ಅಡಿ ಎತ್ತರದ ಕಬ್ಬಿಣದ ಕಂಬಗಳ ಮೇಲೆ ಫಲಕಗಳಿವೆ, ಕೆಳಗೆ ಬಟ್ಟೆ ಒಣಹಾಕುತ್ತೇವೆ, ಸಂಜೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಮನುಷ್ಯರು ಓಡಾಡುವ ಜಾಗದಲ್ಲಿ ಪಾರಿವಾಳ ನಿಶ್ಚಿಂತೆಯಿಂದ ಗೂಡು ಕಟ್ಟುವುದಿಲ್ಲ. ಆದರೂ ಅಡ್ಡಪಟ್ಟಿಯ ಸಿ-ಚಾನೆಲ್‌ನ ತೆರೆದ ಬಾಯಿಯೊಳಗೆ ಒಮ್ಮೆ ಕಡ್ಡಿ ತಂದು ಇಟ್ಟಿದ್ದವು. ಆ ಬಾಯಿಗಳಿಗೆ ಮಾತ್ರ ಜಾಲರಿಯ ತುಂಡು ಕತ್ತರಿಸಿ ಸಿಕ್ಕಿಸಿದೆ, ಒಟ್ಟು ಖರ್ಚು 600 ರೂಪಾಯಿ. ಎತ್ತರದ ರಚನೆಯಿರುವವರಿಗೂ ಸುತ್ತ ಜಾಲರಿ ಹಾಕಿಸಿ ಎಂದು ಹೇಳುವ ಗುತ್ತಿಗೆದಾರರಿದ್ದಾರೆ, ಅಂಥವರ ಮಾತಿಗೆ ಯಾರೂ ಮರುಳಾಗಬೇಡಿ.

ಬಿಸಿಲುಕೋಲು (ತುಮಕೂರು)

ನಾನು ಒಂಬತ್ತು ವರ್ಷಗಳಿಂದ ಸೋಲಾರ್ ಅಳವಡಿಕೆಯ ಕೆಲಸ ಮಾಡುತ್ತಿದ್ದೇನೆ. ಆದ್ದರಿಂದ ಆ 300 ರೂಪಾಯಿಯನ್ನು ಬಿಡಿಸಿ ಹೇಳುತ್ತೇನೆ, ಗುತ್ತಿಗೆದಾರ ಮಿತ್ರರು ಬೇಸರಿಸಬಾರದು.

ಮೂರು ಅಡಿ ಅಗಲ, ಐವತ್ತು ಅಡಿ ಉದ್ದದ ಅರ್ಧ ಇಂಚು ಕಣ್ಣಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್ ಜಾಲರಿಯ ಒಂದು ರೋಲಿಗೆ ನಾನು ಕೊಡುವುದು ಮೂರು ಸಾವಿರದ ಆಸುಪಾಸು. ಫಲಕದ ಚೌಕಟ್ಟಿನ ಒಳತುಟಿಗೆ ಕಚ್ಚಿಕೊಳ್ಳುವ ಅಲ್ಯೂಮಿನಿಯಂ ಕ್ಲಿಪ್ ಒಂದಕ್ಕೆ 30ರಿಂದ 40 ರೂಪಾಯಿ, ಒಂದೂವರೆ ಅಡಿಗೊಂದರಂತೆ 60 ಅಡಿಗೆ ನಲವತ್ತು ಕ್ಲಿಪ್ ಬೇಕಾಗುತ್ತದೆ. ಇಬ್ಬರು ಕೆಲಸಗಾರರ ಒಂದು ದಿನದ ಕೂಲಿ, ಸಾಗಾಣಿಕೆ, ಕತ್ತರಿಸುವಾಗ ಹಾಳಾಗುವ ಮಾಲು ಎಲ್ಲವೂ ಸೇರಿದರೆ ಎಂಟೂವರೆ ಸಾವಿರ ದಾಟುವುದಿಲ್ಲ. ಅದರ ಮೇಲೆ ನ್ಯಾಯವಾದ ಲಾಭ ಇಟ್ಟುಕೊಂಡರೂ ನಿಮ್ಮ ಮನೆಗೆ 11ರಿಂದ 12 ಸಾವಿರ ಸರಿಯಾದ ದರ. 18 ಸಾವಿರ ಹೆಚ್ಚಾಯಿತು. ಇಳಿಜಾರು ಹಂಚಿನ ಮಾಡಾಗಿದ್ದರೆ, ಅಥವಾ ಕೈಪಿಡಿ ಗೋಡೆಯಿಲ್ಲದ ನಾಲ್ಕನೆಯ ಅಂತಸ್ತಾಗಿದ್ದರೆ ನಾನೂ ಅಷ್ಟು ಕೇಳುತ್ತಿದ್ದೆ, ಏಕೆಂದರೆ ಅಲ್ಲಿ ಕೆಲಸಗಾರರ ಜೀವದ ಪ್ರಶ್ನೆ ಬರುತ್ತದೆ.

ಯಾರೇ ಬಂದರೂ ಫಲಕದ ಚೌಕಟ್ಟಿಗೆ ಡ್ರಿಲ್ ಹಾಕಲು ಬಿಡಬೇಡಿ, ಇದೊಂದನ್ನು ಮರೆಯಬಾರದು. ಒಂದು ತೂತು ಬಿದ್ದರೂ ಫಲಕದ ವಾರಂಟಿ ಕೈಬಿಟ್ಟು ಹೋಗುತ್ತದೆ.

ಗಿರಿಜಾಂಗಣ (ಧಾರವಾಡ)

ಮುಳ್ಳುಪಟ್ಟಿ ಹಾಕಿಸಿ ಹಣ ಕಳೆದುಕೊಂಡವಳು ನಾನು, ಆದ್ದರಿಂದ ಹೇಳುತ್ತಿದ್ದೇನೆ. ಮೇಲಂಚಿಗೆ ಪ್ಲಾಸ್ಟಿಕ್ ಮುಳ್ಳು ಅಂಟಿಸಿಕೊಟ್ಟರು. ಎರಡನೆಯ ಬೇಸಿಗೆಯ ಬಿಸಿಲಿಗೇ ಅಂಟು ಬಿಟ್ಟು ಮೂರು ಪಟ್ಟಿ ಕೆಳಗೆ ಬಿದ್ದವು. ಉಳಿದ ಮುಳ್ಳುಗಳ ನಡುವೆಯೇ ಕಡ್ಡಿ ಸಿಕ್ಕಿಸಿ ಒಂದು ಜೋಡಿ ಗೂಡು ಕಟ್ಟಿತು, ನಾನು ಕಣ್ಣಾರೆ ನೋಡಿದ್ದೇನೆ. ಗೂಡಿಗೆ ಆಧಾರ ನಾವೇ ಒದಗಿಸಿದಂತಾಯಿತು. ಕೂರುವುದನ್ನು ತಪ್ಪಿಸಲು ಮುಳ್ಳು ಸ್ವಲ್ಪ ಸಹಾಯ ಮಾಡುತ್ತದೆ, ಕೆಳಗೆ ನುಗ್ಗುವುದನ್ನು ಅದು ತಡೆಯುವುದಿಲ್ಲ.

ಅಕ್ಷಾಂಶ13 (ಬೆಂಗಳೂರು)

ಗಿರಿಜಾಂಗಣ ಅವರ ಮಾತಿಗೆ ಒಂದು ಸೇರಿಕೆ. ಮುಳ್ಳುಪಟ್ಟಿ ಮೇಲಂಚಿನಲ್ಲಿ, ಅಂದರೆ ಉತ್ತರದ ಕಡೆ ಇರುವುದರಿಂದ ಅದರ ನೆರಳು ಫಲಕದ ಮೇಲೆ ಬೀಳುವುದೇ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಉತ್ತರ ದೇಶಗಳಲ್ಲಿ ಅದು ನಡುಹಗಲಿಗೆ ಒಪ್ಪುವ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ಆ ನಾಲ್ಕು ತಿಂಗಳು ಮುಳ್ಳಿನ ನೆರಳು ಗಾಜಿನ ಮೇಲೇ ಬೀಳುತ್ತದೆ, ಬೆಳಿಗ್ಗೆ ಮತ್ತು ಸಂಜೆ ಇನ್ನೂ ಉದ್ದವಾಗಿ. ತೆಳ್ಳನೆಯ ನೆರಳಾದ್ದರಿಂದ ನಷ್ಟ ದೊಡ್ಡದಲ್ಲ, ಆದರೆ ನೆರಳೇ ಇಲ್ಲ ಎನ್ನುವುದು ತಪ್ಪು. ಮುಳ್ಳುಪಟ್ಟಿಯನ್ನು ಅಂಚಿನಿಂದ ಎರಡು ಇಂಚು ಹಿಂದಕ್ಕೆ, ರಚನೆಯ ಪಟ್ಟಿಗೆ ಕಟ್ಟಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಲೆಕ್ಕದಪುಸ್ತಕ (ದಾವಣಗೆರೆ)

ಎಲ್ಲರೂ ಖರ್ಚು ಹೇಳುತ್ತಿದ್ದೀರಿ, ಉಳಿತಾಯ ಯಾರೂ ಹೇಳುತ್ತಿಲ್ಲ. ದಿನಕ್ಕೆ 2 ಯೂನಿಟ್ ನಷ್ಟ, ತಿಂಗಳಿಗೆ 60 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ತಿಂಗಳಿಗೆ 360, ವರ್ಷಕ್ಕೆ 4,320 ರೂಪಾಯಿ. 21,240 ರೂಪಾಯಿಯ ಜಾಲರಿ ತನ್ನ ಹಣವನ್ನು ತಾನು ಹುಟ್ಟಿಸಲು ಐದು ವರ್ಷ ಬೇಕು. ಅದೇ 10 ಸಾವಿರದೊಳಗೆ ಮುಗಿದರೆ ಎರಡು ವರ್ಷ ನಾಲ್ಕು ತಿಂಗಳು ಸಾಕು. ಎರಡು ವರ್ಷದ್ದಾದರೆ ಹಾಕಿಸಿ, ಐದು ವರ್ಷದ್ದಾದರೆ ಯೋಚಿಸಿ.

ಕತ್ತಲುಬೆಳಕು (ಹುಬ್ಬಳ್ಳಿ)

ಲೆಕ್ಕ ಚೆನ್ನಾಗಿದೆ, ಆದರೆ ಬುನಾದಿ ಅಲುಗಾಡುತ್ತಿದೆ. ಆ 2 ಯೂನಿಟ್ ಪೂರ್ತಿ ಪಾರಿವಾಳದ್ದೇ ಎಂದು ಯಾರು ಹೇಳಿದರು? ಎಂಟು ತಿಂಗಳು ತೊಳೆಯದ ಫಲಕದ ಮೇಲೆ ರಸ್ತೆಯ ದೂಳೂ ಇರುತ್ತದೆ. ಮೊದಲು ಒಮ್ಮೆ ತೊಳೆದು, ಬಿಸಿಲಿರುವ ಎರಡು ದಿನದ ಅಂಕಿ ನೋಡಿ, ಆಮೇಲೆ ಲೆಕ್ಕ ಹಾಕಬೇಕು. ಇದಲ್ಲದೆ ನೆಟ್ ಮೀಟರ್‌ನಲ್ಲಿ ನಾವು ಬಳಸಿ ಉಳಿದದ್ದು ಗ್ರಿಡ್‌ಗೆ ಹೋದರೆ ಅದಕ್ಕೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಇವರು ಉತ್ಪಾದಿಸಿದ್ದನ್ನೆಲ್ಲ ತಾವೇ ಬಳಸುವವರಾದರೆ ಮಾತ್ರ ನಿಮ್ಮ 6 ರೂಪಾಯಿ ಸರಿ.

ಲೆಕ್ಕದಪುಸ್ತಕ

ಒಪ್ಪಿದೆ. ದೂಳಿನ ಮಾತು ನನಗೆ ಹೊಳೆದಿರಲಿಲ್ಲ. ಆದರೂ ಹಿಕ್ಕೆ ಮುಚ್ಚಿರುವುದು ಗಾಜಿನ ನೂರರಲ್ಲಿ ಎರಡು ಭಾಗವಿರಬಹುದು, ನಷ್ಟವೂ ಅಷ್ಟೇ ಇರಬೇಕಲ್ಲವೇ?

ಕತ್ತಲುಬೆಳಕು

ಇಲ್ಲ, ಇಲ್ಲಿಯೇ ಬಹಳ ಜನ ಎಡವುತ್ತಾರೆ. ದೂಳು ಎಲ್ಲ ಕಡೆ ಸಮನಾಗಿ ಕೂರುತ್ತದೆ, ಆದ್ದರಿಂದ ಅದರ ನಷ್ಟವೂ ಸಮನಾಗಿರುತ್ತದೆ. ಹಿಕ್ಕೆ ಹಾಗಲ್ಲ, ಅದು ಒಂದೇ ಸೆಲ್ಲಿನ ಮೇಲೆ ದಪ್ಪಗೆ ಕೂರುತ್ತದೆ. ಫಲಕದೊಳಗಿನ ಸೆಲ್ಲುಗಳು ಒಂದರ ಹಿಂದೆ ಒಂದು ಸರಪಳಿಯಂತೆ ಜೋಡಣೆಯಾಗಿರುವುದರಿಂದ, ಮುಚ್ಚಿಹೋದ ಒಂದು ಸೆಲ್ಲು ಆ ಸರಪಳಿಯ ಕರೆಂಟನ್ನೇ ತಡೆದು ಹಿಡಿಯುತ್ತದೆ. ಅದಕ್ಕಾಗಿಯೇ ಫಲಕದ ಹಿಂದಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕರೆಂಟಿಗೆ ಸುತ್ತುದಾರಿ ಕೊಡುವ ಮೂರು ಬೈಪಾಸ್ ಡಯೋಡ್ ಇರುತ್ತವೆ. ಒಂದು ಡಯೋಡ್ ಕೆಲಸಕ್ಕಿಳಿದರೆ ಫಲಕದ ಮೂರನೆಯ ಒಂದು ಭಾಗ ಬಿಟ್ಟುಹೋಗುತ್ತದೆ. ಅಂಗೈ ಅಗಲದ ಕಲೆ ಅಷ್ಟು ನಷ್ಟ ಮಾಡಬಲ್ಲದು. ಈಗಿನ, ಸೆಲ್ಲುಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿದ ಹಾಫ್-ಕಟ್ ಫಲಕಗಳಲ್ಲಿ ಮೇಲರ್ಧ, ಕೆಳಗಿನರ್ಧ ಬೇರೆಬೇರೆಯಾಗಿ ಸಮಾಂತರ ಜೋಡಣೆಯಾಗಿರುವುದರಿಂದ ಪೆಟ್ಟು ಸ್ವಲ್ಪ ಕಡಿಮೆ. ಇನ್ನೊಂದು ಮಾತು: ಮುಚ್ಚಿಹೋದ ಸೆಲ್ಲು ಬಿಸಿಯಾಗುತ್ತದೆ, ಆ ಬಿಸಿ ವರ್ಷಗಟ್ಟಲೆ ಮುಂದುವರಿದರೆ ಸೆಲ್ಲು ಕಂದುಬಣ್ಣಕ್ಕೆ ತಿರುಗಿ ಕೆಡುತ್ತದೆ. ಆ ನಷ್ಟ ನಿಮ್ಮ ಪುಸ್ತಕದ ಯಾವ ಕಾಲಮ್ಮಿನಲ್ಲೂ ಇಲ್ಲ.

ಹಂಚಿನಮಾಡು (ಉಡುಪಿ)

ನಮ್ಮ ಕಡೆ ಹಂಚಿನ ಮಾಡಿನ ಮೇಲೆ ನಾಲ್ಕೈದು ಇಂಚಿನ ಎಡೆಬಿಟ್ಟು ಫಲಕ ಕೂರಿಸುತ್ತಾರೆ. ಪಾರಿವಾಳಕ್ಕಿಂತ ಅಳಿಲು ಮತ್ತು ಇಲಿಯ ಕಾಟ ಹೆಚ್ಚು. ಪಾರಿವಾಳ ವೈರ್ ಕಡಿಯುವುದಿಲ್ಲ, ಅಳಿಲು ಕಡಿಯುತ್ತದೆ. ನಮ್ಮಲ್ಲಿ ಫಲಕದಿಂದ ಕರೆಂಟು ತರುವ ಡಿಸಿ ಕೇಬಲ್‌ನ ಕಪ್ಪು ಹೊದಿಕೆಯನ್ನು ಎರಡು ಇಂಚು ಉದ್ದಕ್ಕೆ ಸುಲಿದು ಹಾಕಿತ್ತು, ಒಳಗಿನ ತಾಮ್ರದ ಎಳೆಗಳು ಕಾಣುತ್ತಿದ್ದವು. ಮಳೆಗಾಲಕ್ಕೆ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಆದ್ದರಿಂದ ಒಂದು ಇಂಚಿನ ಕಣ್ಣಿನ ಜಾಲರಿ ಪಾರಿವಾಳಕ್ಕೆ ಸಾಕಾದರೂ ಅರ್ಧ ಇಂಚಿನದನ್ನೇ ತೆಗೆದುಕೊಳ್ಳಿ.

ಕಡಲಿನ ಹತ್ತಿರ ಇರುವವರಿಗೆ ಇನ್ನೊಂದು ಮಾತು. ಜಿ.ಐ. ಜಾಲರಿ ನಮ್ಮಲ್ಲಿ ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು, ಆ ತುಕ್ಕಿನ ನೀರು ಹಂಚಿನ ಮೇಲೆ ಕೆಂಪು ಗೆರೆ ಎಳೆಯಿತು. ಎರಡನೆಯ ಸಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದೆವು. ಮಾಲಿನ ಬೆಲೆ ಎರಡೂವರೆ ಪಟ್ಟು ಹೆಚ್ಚಾಯಿತು, ಕೂಲಿಯನ್ನು ಎರಡು ಸಲ ಕೊಟ್ಟಿದ್ದು ದಂಡವಾಯಿತು. ಮೊದಲೇ ಹಾಕಿಸಿದ್ದರೆ ಅಗ್ಗವಾಗುತ್ತಿತ್ತು.

ನಿತ್ಯಪ್ರಯಾಣಿಕ (ಬೆಂಗಳೂರು)

ಇಷ್ಟೆಲ್ಲ ಏಕೆ ಬೇಕು? ಆನ್‌ಲೈನ್‌ನಲ್ಲಿ ಪಕ್ಷಿ ಓಡಿಸುವ ಅಲ್ಟ್ರಾಸಾನಿಕ್ ಯಂತ್ರ 1,500 ರೂಪಾಯಿಗೆ ಸಿಗುತ್ತದೆ.

ಅಕ್ಷಾಂಶ13

ಸಿಗುತ್ತದೆ, ಆದರೆ ಆ ಸದ್ದು ಪಾರಿವಾಳಕ್ಕೆ ಕೇಳಿಸುವುದೇ ಇಲ್ಲ. ಮನುಷ್ಯರಿಗೆ ಕೇಳದಷ್ಟು ಎತ್ತರದ ಸದ್ದು ಹಕ್ಕಿಗಳ ಕಿವಿಗೂ ನಿಲುಕುವುದಿಲ್ಲ. ಅದನ್ನು ಕೇಳಬಲ್ಲವು ಬಾವಲಿ, ಇಲಿ, ನಾಯಿಗಳಂಥ ಪ್ರಾಣಿಗಳು. ದಯವಿಟ್ಟು ಹಣ ಹಾಳು ಮಾಡಿಕೊಳ್ಳಬೇಡಿ.

ಗಿರಿಜಾಂಗಣ

ಪ್ಲಾಸ್ಟಿಕ್ ಗೂಬೆಯನ್ನೂ ಈ ಸಾಲಿಗೆ ಸೇರಿಸಿ. ನಮ್ಮ ಎದುರು ಮನೆಯವರು ತಂದಿಟ್ಟರು, ಹತ್ತನೆಯ ದಿನ ಪಾರಿವಾಳ ಅದರ ತಲೆಯ ಮೇಲೆ ಕೂತಿತ್ತು. ಅಂಟು ಜೆಲ್ ಮಾತ್ರ ಯಾರೂ ಬಳಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದಕ್ಕೆ ಗುಬ್ಬಚ್ಚಿಗಳು ಸಿಕ್ಕಿಕೊಂಡು ರೆಕ್ಕೆ ಬಿಡಿಸಿಕೊಳ್ಳಲಾಗದೆ ಸಾಯುತ್ತವೆ.

ಬೆಳಗಿನಜೋಳ (ಬಸವನಗುಡಿ, ಬೆಂಗಳೂರು)

ಎಲ್ಲರೂ ಹಕ್ಕಿಗಳನ್ನು ಓಡಿಸುವ ಮಾತನ್ನೇ ಆಡುತ್ತಿದ್ದೀರಿ. ನಮ್ಮ ತಂದೆಯವರ ಕಾಲದಿಂದಲೂ ನಾವು ಬೆಳಿಗ್ಗೆ ತಾರಸಿಯ ಮೇಲೆ ಒಂದು ಪಾವು ಜೋಳ ಹಾಕುತ್ತಾ ಬಂದಿದ್ದೇವೆ. ಮರಗಳನ್ನೆಲ್ಲ ಕಡಿದವರು ನಾವು, ಅವು ಎಲ್ಲಿಗೆ ಹೋಗಬೇಕು?

ತಾರಸಿಮನೆ

ಹಿರಿಯರೇ, ತಮ್ಮ ಭಾವನೆಯ ಬಗ್ಗೆ ನನಗೆ ಗೌರವವಿದೆ, ಆದರೂ ಹೇಳದೆ ಇರಲಾರೆ. ನಮ್ಮ ಹಿಂದಿನ ಮನೆಯವರೂ ಹೀಗೆಯೇ ಕಾಳು ಹಾಕುತ್ತಾರೆ. ಅಲ್ಲಿ ತಿಂದು ಬಂದು ನಮ್ಮ ಫಲಕಗಳ ಮೇಲೆ ಕೂರುತ್ತವೆ. ಪುಣ್ಯ ಅವರ ಪಾಲಿಗೆ, 21 ಸಾವಿರದ ಖರ್ಚು ನಮ್ಮ ಪಾಲಿಗೆ ಎಂದರೆ ಅದು ಸರಿಯೇ?

ಉಸಿರು (ಬೆಂಗಳೂರು)

ನನ್ನ ಅತ್ತೆಯವರ ಕೋಣೆಯ ಕಿಟಕಿಯ ಹೊರಗೆ ನಾಲ್ಕು ವರ್ಷ ಪಾರಿವಾಳಗಳು ಗೂಡು ಕಟ್ಟಿದ್ದವು. ಒಣಕೆಮ್ಮು ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ಮೊದಲಿಗೆ ಆಸ್ತಮಾ ಎಂದುಕೊಂಡಿದ್ದೆವು. ಸ್ಕ್ಯಾನ್ ಆದ ಮೇಲೆ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಮನೆಯ ಹತ್ತಿರ ಪಾರಿವಾಳಗಳಿವೆಯೇ ಎಂಬುದು. ಹಿಕ್ಕೆಯ ಮತ್ತು ಪುಕ್ಕದ ದೂಳನ್ನು ದೀರ್ಘಕಾಲ ಉಸಿರಾಡಿದರೆ ಕೆಲವರ ಶ್ವಾಸಕೋಶ ಅದರ ವಿರುದ್ಧ ತಿರುಗಿಬಿದ್ದು ಉರಿಯೂತವಾಗುತ್ತದೆ, ಬಹಳ ದಿನ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. 2025ರಲ್ಲಿ ಮುಂಬೈಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗಗಳಾದ ಕಬೂತರ್‌ಖಾನೆಗಳನ್ನು ಮುಚ್ಚಿಸಲು ಮುಂದಾದದ್ದೂ ಇದೇ ಆರೋಗ್ಯದ ಕಾರಣಕ್ಕಾಗಿ.

ಆದ್ದರಿಂದ ತಾರಸಿಮನೆ ಅವರೇ, ಯೂನಿಟ್‌ನ ಲೆಕ್ಕ ಒಂದು ಕಡೆ ಇರಲಿ. ಒಣ ಹಿಕ್ಕೆಯನ್ನು ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಎನ್-95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು, ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿ. ಮನೆಗೆಲಸದವರಿಗೆ ಈ ಕೆಲಸ ಹೇಳುವವರು ಅವರಿಗೂ ಮುಖಗವಸು ಕೊಡಿ.

ಬೆಳಗಿನಜೋಳ

ಅತ್ತೆಯವರು ಈಗ ಹೇಗಿದ್ದಾರಮ್ಮ? ಈ ವಿಷಯ ನನಗೆ ತಿಳಿದಿರಲಿಲ್ಲ. ಜೋಳ ನಿಲ್ಲಿಸುತ್ತೇನೆ ಎಂದು ಈಗಲೇ ಮಾತು ಕೊಡಲಾರೆ. ನಮ್ಮ ಮನೆಯಲ್ಲೂ ಮೊಮ್ಮಗಳಿಗೆ ಕೆಮ್ಮಿದೆ, ಮನೆಯವರ ಹತ್ತಿರ ಮಾತನಾಡುತ್ತೇನೆ.

ಉಸಿರು

ಔಷಧದಲ್ಲಿದ್ದಾರೆ. ಮನೆ ಬದಲಿಸಿದ ಮೇಲೆ ಹೆಚ್ಚಾಗಿಲ್ಲ. ಕೇಳಿದ್ದಕ್ಕೆ ಧನ್ಯವಾದ, ಸರ್.

ಮಿಡ್‌ಲ್ಯಾಂಡ್ಸ್‌ಕನ್ನಡಿಗ (ಬರ್ಮಿಂಗ್‌ಹ್ಯಾಮ್)

ನಮ್ಮ ಬೀದಿಯಲ್ಲೂ ಇದೇ ಕಥೆ. ಇಲ್ಲಿ ಎಲ್ಲವೂ ಇಳಿಜಾರು ಮಾಡು, ಫಲಕಕ್ಕೂ ಹಂಚಿಗೂ ನಡುವೆ ಗೇಣು ಜಾಗ, ಅದರೊಳಗೆ ಪಾರಿವಾಳಗಳ ಸಂಸಾರ. ನನಗೆ ಬಿದ್ದ ಖರ್ಚಿನಲ್ಲಿ ಜಾಲರಿಯ ಪಾಲು ಕಡಿಮೆ, ಮನೆಯ ಮುಂದೆ ಅಟ್ಟಣಿಗೆ ಕಟ್ಟಿಸುವ ಪಾಲೇ ಹೆಚ್ಚು. ಫಲಕ ಹಾಕಿಸುವಾಗ ಅಟ್ಟಣಿಗೆ ಇದ್ದೇ ಇರುತ್ತದೆ, ಅಂದೇ ಜಾಲರಿಯೂ ಹಾಕಿಸಿದ್ದರೆ ಅರ್ಧ ಹಣ ಉಳಿಯುತ್ತಿತ್ತು. ಇಲ್ಲಿ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಕ್ಕಿ ಬಳಸುತ್ತಿರುವ ಗೂಡನ್ನು ಕೀಳುವಂತಿಲ್ಲ, ಆದ್ದರಿಂದ ಕೆಲಸದವರು ಮೊದಲು ಗೂಡು ಬರಿದಾಗಿದೆಯೇ ಎಂದು ನೋಡಿಯೇ ಕೈಹಾಕುತ್ತಾರೆ. ನಿಮ್ಮ ಊರಿನಲ್ಲಿ ಫಲಕಗಳು ಸಮತಟ್ಟಾದ ತಾರಸಿಯ ಮೇಲಿವೆ, ನಡೆದುಕೊಂಡು ಹೋಗಿ ಮುಟ್ಟಬಹುದು. ಇಲ್ಲಿನ ವಿಡಿಯೋಗಳನ್ನು ನೋಡಿಕೊಂಡು ಅಲ್ಲಿ ದರ ಹೇಳುವವರಿದ್ದರೆ ಅದಕ್ಕೆ ಅರ್ಥವಿಲ್ಲ.

ಬಿಸಿಲುಕೋಲು

ಇವರ ಮಾತು ಸರಿಯಾಗಿದೆ. ಹೊಸದಾಗಿ ಸೋಲಾರ್ ಹಾಕಿಸುವವರು ಕೊಟೇಷನ್‌ನಲ್ಲಿಯೇ ಜಾಲರಿಯನ್ನು ಒಂದು ಸಾಲಾಗಿ ಬರೆಸಿಕೊಳ್ಳಿ. ಕೆಲಸಗಾರರು ಅಂದು ಹೇಗೂ ತಾರಸಿಯ ಮೇಲೇ ಇರುತ್ತಾರೆ, ನಿಮಗೆ ಮಾಲಿನ ಖರ್ಚು ಮತ್ತು ಅರ್ಧ ದಿನದ ಕೂಲಿ ಮಾತ್ರ ಬೀಳುತ್ತದೆ. ಸಬ್ಸಿಡಿಯ ಲೆಕ್ಕ ಕಿಲೋವ್ಯಾಟ್ ಸಾಮರ್ಥ್ಯದ ಮೇಲೆ ನಿಂತಿದೆ. ಜಾಲರಿ ಹಾಕಿಸಿದರೆ ಅದು ಹೆಚ್ಚುವುದಿಲ್ಲ, ಆದ್ದರಿಂದ ಸಬ್ಸಿಡಿಯಲ್ಲಿ ಸೇರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆಬ್ಬಾಗಿಲು (ಶಿವಮೊಗ್ಗ)

ಗೂಡಿನ ವಿಷಯ ಬಂದದ್ದರಿಂದ ನನ್ನಿಂದಾದ ತಪ್ಪನ್ನು ಹೇಳಿಬಿಡುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಜಾಲರಿ ಹಾಕಿಸಿದೆವು. ಕೆಲಸದವರು ಸಂಜೆ ಐದಕ್ಕೆ ಮುಗಿಸಿ ಹೋದರು. ಮರುದಿನ ಬೆಳಿಗ್ಗೆ ಮೇಲೆ ಹೋದರೆ ಒಂದು ಪಾರಿವಾಳ ಜಾಲರಿಯ ಹೊರಗಿನಿಂದ ರೆಕ್ಕೆ ಬಡಿಯುತ್ತಾ ಕೊಕ್ಕಿನಿಂದ ತಂತಿಯನ್ನು ಕುಟ್ಟುತ್ತಿತ್ತು. ಒಳಗಿನಿಂದ ಸಣ್ಣಗೆ ಕೀಚಲು ದನಿ ಕೇಳುತ್ತಿತ್ತು. ಹಳದಿ ನವಿರಿನ ಎರಡು ಮರಿಗಳು ಮಧ್ಯದ ಫಲಕದ ಕೆಳಗೆ ಇದ್ದವು, ಯಾರೂ ನೋಡಿರಲಿಲ್ಲ. ಕಟಿಂಗ್ ಪ್ಲೇಯರ್‌ನಿಂದ ಒಂದು ಅಡಿ ಜಾಲರಿ ಕತ್ತರಿಸಿದೆ. ಹತ್ತು ನಿಮಿಷದಲ್ಲಿ ತಾಯಿ ಒಳಗೆ ಹೋಯಿತು. ಮರಿಗಳು ಹಾರಿಹೋಗುವವರೆಗೆ ಹಾಗೆಯೇ ಬಿಟ್ಟೆವು. ಜಾಲರಿ ಮುಚ್ಚುವ ಮೊದಲು ಪ್ರತಿ ಫಲಕದ ಕೆಳಗೂ ಬೆಳಕು ಬಿಟ್ಟು ನೋಡಿ. ಕೆಲಸದವರ ಮೇಲೆ ಬಿಡಬೇಡಿ, ನೀವೇ ನೋಡಿ.

ತಾರಸಿಮನೆ

ಹಾಗಾದರೆ ನಮ್ಮ ಮೊಟ್ಟೆಗಳ ಗತಿಯೇನು, ಎಷ್ಟು ದಿನ ಕಾಯಬೇಕು?

ಹೆಬ್ಬಾಗಿಲು

ಮೊಟ್ಟೆಯಿಟ್ಟ ದಿನದಿಂದ ಮರಿಯಾಗಲು ಹದಿನೆಂಟು ದಿನ, ಮರಿ ಹಾರಲು ಮತ್ತೆ ಒಂದು ತಿಂಗಳು. ಹೆಚ್ಚೆಂದರೆ ಏಳು ವಾರ. ಹಾರಿದ ಮರುದಿನವೇ ಗೂಡು ತೆಗೆದು ಮುಚ್ಚಿಬಿಡಿ. ಪಾರಿವಾಳಕ್ಕೆ ನಮ್ಮ ಹವೆಯಲ್ಲಿ ವರ್ಷವಿಡೀ ಮರಿ ಮಾಡುವ ಕಾಲವೇ, ಒಂದು ವಾರ ತಡಮಾಡಿದರೆ ಅದೇ ಗೂಡಿನಲ್ಲಿ ಮತ್ತೆ ಎರಡು ಮೊಟ್ಟೆ ಇರುತ್ತವೆ.

ನಿತ್ಯಪ್ರಯಾಣಿಕ

ಏಳು ವಾರ ಕಾಯುವುದೆಂದರೆ ಏಳು ವಾರದ ಯೂನಿಟ್ ನಷ್ಟ. ಎರಡು ಮೊಟ್ಟೆಗೆ ಇಷ್ಟು ಯೋಚನೆ ಬೇಕೇ?

ಗಿರಿಜಾಂಗಣ

ದಿನಕ್ಕೆ ಹನ್ನೆರಡು ರೂಪಾಯಿಯಂತೆ ಏಳು ವಾರಕ್ಕೆ ಆರುನೂರು ರೂಪಾಯಿಯೂ ಆಗುವುದಿಲ್ಲ. ನಮ್ಮ ಮನೆಯಲ್ಲಾದರೆ ಬೇಕು.

ಕತ್ತಲುಬೆಳಕು

ಕಾಯುವ ಸಮಯದಲ್ಲಿ ತೊಳೆಯುವುದನ್ನು ಕಲಿತುಕೊಳ್ಳಿ. ಬೆಳಿಗ್ಗೆ ಏಳರೊಳಗೆ, ಗಾಜು ತಣ್ಣಗಿರುವಾಗಲೇ ತೊಳೆಯಬೇಕು. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಒಣಗಿದ ಕಲೆಯ ಮೇಲೆ ಒದ್ದೆ ಗೋಣಿಯ ತುಂಡನ್ನೋ ಹಳೆಯ ಟವೆಲನ್ನೋ ಹತ್ತು ನಿಮಿಷ ಹಾಸಿಟ್ಟರೆ ಅದು ತಾನಾಗಿ ಬಿಡುತ್ತದೆ. ಗಾಜಿಗೆ ಹಾನಿ ಮಾಡುವುದು ಹಿಕ್ಕೆಗಿಂತ ಹೆಚ್ಚಾಗಿ ಪಾತ್ರೆ ಉಜ್ಜುವ ನಾರು. ಬೋರ್‌ವೆಲ್ ನೀರಾದರೆ ಒಣಗುವ ಮೊದಲು ವೈಪರ್‌ನಿಂದ ಎಳೆದುಬಿಡಿ, ಇಲ್ಲದಿದ್ದರೆ ಹಿಕ್ಕೆ ಹೋಗಿ ಉಪ್ಪಿನ ಬಿಳುಪು ಉಳಿಯುತ್ತದೆ.

ಗೂಡು ತೆಗೆಯುವಾಗ ಕೇಬಲ್‌ಗಳನ್ನು ಎಳೆಯಬೇಡಿ. ಡಿಸಿ ಸ್ವಿಚ್ ಆರಿಸಿದರೂ ಬಿಸಿಲಿರುವವರೆಗೆ ಫಲಕದ ಕಡೆಯ ಕೇಬಲ್‌ನಲ್ಲಿ ವೋಲ್ಟೇಜ್ ಇರುತ್ತದೆ, ನಿಮ್ಮ ಆರು ಫಲಕಗಳಿಗೆ ಅದು 300 ವೋಲ್ಟಿನ ಹತ್ತಿರ. ಹೊತ್ತು ಮುಳುಗಿದ ಮೇಲೆ ಮಾಡುವುದು ಕ್ಷೇಮ.

ಕಲ್ಲುಬೆಂಚು

ನೈಲಾನ್ ಬಲೆಯ ಬಗ್ಗೆ ಯಾರೂ ಹೇಳಲಿಲ್ಲ. ಬಾಲ್ಕನಿಗೆ ಅದು ಒಳ್ಳೆಯದು. ತಾರಸಿಯ ಬಿಸಿಲಿಗೆ ನಾಲ್ಕೈದು ವರ್ಷಕ್ಕೆ ಪುಡಿಯಾಗುತ್ತದೆ, ಅಳಿಲು ಒಂದೇ ದಿನದಲ್ಲಿ ಕಡಿಯುತ್ತದೆ. ಬಾಡಿಗೆ ಮನೆಯಾದರೆ ಹಾಕಿ, ಸ್ವಂತ ಮನೆಯಾದರೆ ಬೇಡ.

ತಾರಸಿಮನೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕೆಲಸ ಮುಗಿಯಿತು.

ಮೊದಲು ಕತ್ತಲುಬೆಳಕು ಅವರು ಹೇಳಿದಂತೆ ತೊಳೆದು ನೋಡಿದೆ. 11 ಯೂನಿಟ್ ಇದ್ದದ್ದು 12.6ಕ್ಕೆ ಏರಿತು, ಮೂರೇ ವಾರಕ್ಕೆ ಮತ್ತೆ 11.7ಕ್ಕೆ ಇಳಿಯಿತು. ದೂಳು ಅಷ್ಟು ಬೇಗ ಕೂರುವುದಿಲ್ಲವಾದ್ದರಿಂದ ಇದು ಹಕ್ಕಿಗಳದ್ದೇ ಎಂದು ಖಾತ್ರಿಯಾಯಿತು. ತೊಳೆಯಲು ಜನ ಕರೆಸಿದರೆ ಒಂದು ಸಲಕ್ಕೆ 500 ರೂಪಾಯಿ, ತಿಂಗಳಿಗೊಮ್ಮೆ ಎಂದರೂ ವರ್ಷಕ್ಕೆ 6,000. ಜಾಲರಿಯೇ ವಾಸಿ ಎನಿಸಿತು.

ಮೊಟ್ಟೆ ಮರಿಯಾಗಿ, ಒಂದು ಮರಿ ಬೇಗ ಹಾರಿತು, ಇನ್ನೊಂದು ನಾಲ್ಕು ದಿನ ತೊಟ್ಟಿಯ ಪಕ್ಕ ಓಡಾಡಿಕೊಂಡಿದ್ದು ಆಮೇಲೆ ಹೋಯಿತು. ಅಂದು ಸಂಜೆಯೇ ಗೂಡು ನೆನೆಸಿ ತೆಗೆದೆ. ಅದರ ಕೆಳಗೆ ಕೇಬಲ್ ಜೋಡಣೆಯ ಮೇಲೆ ಹಿಕ್ಕೆ ಬೆರಳು ದಪ್ಪ ಗಟ್ಟಿಯಾಗಿತ್ತು.

ಖರ್ಚು ಹೇಳುತ್ತೇನೆ. ಎಸ್‌ಜೆಪಿ ರಸ್ತೆಯಲ್ಲಿ ಜಾಲರಿಯ ರೋಲ್ 3,200. ಮುಂದೆ ಮತ್ತು ಎರಡು ಪಕ್ಕಕ್ಕೆ 26 ಕ್ಲಿಪ್, 30 ರೂಪಾಯಿಯಂತೆ 780. ಹಿಂಭಾಗದಲ್ಲಿ ಪೂರ್ತಿ ಮುಚ್ಚಿಬಿಟ್ಟರೆ ಮುಂದೆ ಕೇಬಲ್ ನೋಡಲು, ಸೇರಿಕೊಂಡ ಎಲೆ ಗುಡಿಸಲು ದಾರಿ ಇರುವುದಿಲ್ಲವೆಂದು ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ಹನ್ನೊಂದು ಅಡಿಯ ಎರಡು ಚೌಕಟ್ಟು ಮಾಡಿಸಿದೆ, ಅದಕ್ಕೆ 2,600. ಅವು ಕೊಂಡಿಯ ಮೇಲೆ ನಿಲ್ಲುತ್ತವೆ, ಎತ್ತಿದರೆ ಕೈಗೆ ಬರುತ್ತವೆ. ಇಬ್ಬರು ಕೆಲಸಗಾರರ ಕೂಲಿ 2,400, ಆಟೋ 400. ಒಟ್ಟು 9,380 ರೂಪಾಯಿ. ಎಲ್ಲಿಯೂ ಡ್ರಿಲ್ ಹಾಕಿಲ್ಲ. ಕೆಳಗೆ ನೆಲಕ್ಕೆ ತಾಗಿಸದೆ ಅರ್ಧ ಇಂಚು ಬಿಟ್ಟಿರುವುದರಿಂದ ಮಳೆ ನೀರು ನಿಲ್ಲುವುದಿಲ್ಲ.

ಮೇಲಂಚಿನಲ್ಲಿ ಈಗಲೂ ಮೂರ್ನಾಲ್ಕು ಹಕ್ಕಿ ಬಂದು ಕೂರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಗೂಡಿಲ್ಲದ ಕಾರಣ ಹದಿನಾಲ್ಕು ಬರುವುದಿಲ್ಲ. ತೊಳೆದ ಮೇಲೆ ನಿನ್ನೆ 12.8 ಯೂನಿಟ್ ಬಂದಿದೆ.

ಲೆಕ್ಕದಪುಸ್ತಕ

ನೀವು ಹೇಳಿದ ದರದಲ್ಲಿ ಎರಡು ವರ್ಷದ ಸುಮಾರಿಗೆ ಹಣ ಹುಟ್ಟುತ್ತದೆ. ಆ ಕೊಂಡಿಯ ಚೌಕಟ್ಟಿನ ಚಿತ್ರ ಹಾಕುತ್ತೀರಾ? ನಮ್ಮ ವೆಲ್ಡರ್‌ಗೆ ತೋರಿಸಬೇಕು.

ತಾರಸಿಮನೆ

ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ. ಮೂರು ಅಡಿ ಅಗಲದ ಜಾಲರಿ ನಾಲ್ಕೈದು ಅಡಿ ಉಳಿದಿದೆ, ಕ್ಲಿಪ್‌ಗಳೂ ನಾಲ್ಕಿವೆ. ವಿಜಯನಗರದ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಬಹುದು.

ಬೆಳಗಿನಜೋಳ

ನಮ್ಮ ಸೋಲಾರ್ ವಾಟರ್ ಹೀಟರ್‌ನ ಕೆಳಗೂ ಗೂಡಿದೆಯೆಂದು ಮೊನ್ನೆ ಮೊಮ್ಮಗಳು ತೋರಿಸಿದಳು, ಅದು ಖಾಲಿಯಿದೆ. ಭಾನುವಾರ ಹತ್ತು ಗಂಟೆಗೆ ಬಂದರೆ ಸಿಗುತ್ತೀರಾ?